ಅಜ್ಜಿಗೊಂದು ಸೆಮಿ-ಆಟೊಮ್ಯಾಟಿಕ್

ನಮ್ಮ ಕಾಕಾ ಬಚ್ಚಲಲ್ಲಿ ಜೇಡ ಕಂಡರೆ ಅದನ್ನು ಸ್ಟೀಲ್ ಲೋಟದಲ್ಲಿ ಹಿಡಿದು, ಹೊರಗೆ ಮಳೆಯಿದ್ದರೆ ಗ್ಯಾರೇಜಿನಲ್ಲಿ ಇಳಿಸಿ, ಮಳೆ ನಿಂತ ಮೇಲೆ ಹಿತ್ತಲಿಗೆ ಬೀಳ್ಕೊಡುವ ಮನುಷ್ಯ. ಇಂಥವರು ಹೋದ ಬೇಸಿಗೆಯಲ್ಲಿ ಮನೆಯಲ್ಲೇ ಒಂದು ಸೆಮಿ-ಆಟೊಮ್ಯಾಟಿಕ್ ರೈಫಲ್ ಕಟ್ಟಿದರು ಎಂದರೆ ನಂಬುತ್ತೀರಾ? ನಂಬಬೇಡಿ! ಪುರಾವೆಯಿಲ್ಲದೆ ಏನನ್ನೂ ನಂಬಬಾರದು ಎನ್ನುವುದು ಡಿಬೇಟ್ ತಂಡದಲ್ಲಿ ನಾಲಗೆ ಮಸೆದುಕೊಂಡ ನನ್ನ ಸಿದ್ಧಾಂತ. ಆದರೆ ಆ ರೈಫಲ್ಲಿನ ಗುಂಡು ನನ್ನ ಹಣೆಗೇ ಬಡಿದಿದೆ. ಸ್ಪಂಜಿನ ಗುಂಡು, ಒಪ್ಪಿದೆ. ಪುರಾವೆ ಪುರಾವೆಯೇ!

ಕಾಕಾನ ಮನೆ ಇರುವುದು ಕಿವಿ ಹಕ್ಕಿಗಳ ನಾಡಿನ ಹ್ಯಾಮಿಲ್ಟನ್ ಊರಿನ ರೊಟೊಟೂನ ಬಡಾವಣೆಯಲ್ಲಿ. ಅವರು ನೀರಿನ ಪೈಪುಗಳ ಇಂಜಿನಿಯರು. ನಾನು ಓದಲಿಕ್ಕೆಂದು ಬಂದು ಅವರಲ್ಲೇ ಬೀಡುಬಿಟ್ಟಿರುವ, ಅವರ ಅಣ್ಣನ ಮಗಳು. ಮನೆಯ ಯಜಮಾನಿ ಕಾಕಾನ ಹೆಂಡತಿ ಕಾಕು ಅಲ್ಲ, ಕಾಕಾನ ತಾಯಿ, ನಮ್ಮ ಅಜ್ಜಿ. ಆ ಬೇಸಿಗೆಯ ಹಿಂದಿನ ಚಳಿಗಾಲದಲ್ಲಿ ಅಜ್ಜಿಗೆ ಪಾರ್ಶ್ವವಾಯು ಬಡಿದು ಬಲಗೈ ಸೋತಿತು. ನಾಲಗೆಗೆ ಎಳ್ಳಷ್ಟೂ ಊನವಾಗಲಿಲ್ಲ. ತೋಳು ಬರಬರುತ್ತ ಎದ್ದಿತು, ಬೆರಳುಗಳು ಮಾತ್ರ ಮಡಚಲೊಲ್ಲೆ ಎಂದವು. ಈಗ ಆಡಿಸದೆ ಬಿಟ್ಟರೆ ಹಾಗೇ ಬಿಗಿದುಕೊಳ್ಳುತ್ತವೆ ಎಂದು ಎಚ್ಚರಿಸಿದ ಫಿಸಿಯೊ ಹುಡುಗಿ, ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟಳು.

"ನಾ ಏನು ತೊಟ್ಟಿಲದಾಗಿನ ಕೂಸೇನ? ಇದನ್ನ ನಿಮ್ಮವ್ವಗ ಕೊಡು ಹೋಗು!" ಎಂದಳು ಅಜ್ಜಿ.

ಫಿಸಿಯೊ ಹುಡುಗಿ ಕಾಕಾನ ಮುಖ ನೋಡಿದಳು. ಕಾಕಾ ಇಂಗ್ಲಿಷಿಗೆ ಅನುವಾದಿಸಿದರು: "ಥ್ಯಾಂಕ್ಯೂ ಅಂತಿದ್ದಾರೆ."

ಆಮೇಲೆ ಬೇಸಿಗೆ ಬಂತು. ಕಾಕು ಮನೆಯ ಹಿಂದಿನ ಮರದ ಜಗಲಿ, ಅಂದರೆ ಡೆಕ್ಕಿನ ಮೇಲೆ ಸಂಡಿಗೆ ಇಟ್ಟಳು. ಕಾವಲಿಗೆ ಅಜ್ಜಿ, ಕುರ್ಚಿಯ ಮೇಲೆ. ಆದರೆ ಇಲ್ಲಿಯ ಮೈನಾಗಳಿಗೆ ಹಿರಿಯರೆಂದರೆ ಕಿಂಚಿತ್ತೂ ಭಯಭಕ್ತಿಯಿಲ್ಲ. ಅಜ್ಜಿಯ 'ಹುಶ್ಶ್'ಗೆ ತಲೆಯಾಡಿಸುತ್ತಲೇ ತಿನ್ನುತ್ತಿದ್ದವು.

"ಒಂದು ಬಂದೂಕರ ಇದ್ದಿದ್ರ ತೋರಸ್ತಿದ್ದೆ ಇವಕ್ಕ!" ಎಂದು ಅಜ್ಜಿ ಗುಡುಗಿದಳು.

ಸಾಮಾನ್ಯ ಮನುಷ್ಯನಾದರೆ ನಕ್ಕು ಸುಮ್ಮನಾಗುತ್ತಿದ್ದ. ಕಾಕಾ ಟೇಪು ತಂದು ಅಜ್ಜಿಯ ತೋಳಿನ ಅಳತೆ ತೆಗೆದುಕೊಂಡರು!

ನಾನು ಖಂಡನೆಗೆ ನಿಂತೆ. "ಕಾಕಾ, ಸಂಡಿಗಿ ಮ್ಯಾಲೆ ಒಂದು ನೈಲಾನ್ ಬಲಿ ಹಾಸಿದ್ರ ಮುಗೀತಲ್ಲ? ರೈಫಲ್ ಯಾಕ ಬೇಕು?"

"ಬಲಿಗೆ ಬೆರಳು ಬೇಕಾಗಂಗಿಲ್ಲಲ್ಲ, ತಂಗಿ," ಎಂದರು ಕಾಕಾ.

ನಾನು ಪೆನ್ನು ತಂದು ಅಳತೆ ಬರೆದುಕೊಂಡೆ.

ಸೆಮಿ-ಆಟೊಮ್ಯಾಟಿಕ್ಕೇ ಏಕೆಂದರೆ, ಎಡಗೈ ರೈಫಲ್ ಹಿಡಿದಿರುವಾಗ ಪ್ರತಿಸಲ ಹಿಂದಕ್ಕೆಳೆದು ಸಜ್ಜು ಮಾಡಲು ಅಜ್ಜಿಗೆ ಇನ್ನೊಂದು ಕೈ ಎಲ್ಲಿದೆ? ಬೆರಳು ಒಮ್ಮೆ ಮಡಚಿದರೆ ಒಂದು ಸ್ಪಂಜಿನ ಗುಂಡು ಹೋಗಬೇಕು, ಮುಂದಿನದು ತಾನೇ ಬಂದು ಕೂಡಬೇಕು. ಅದಕ್ಕೆಂದು ಹಳೆಯ ಡ್ರಿಲ್ಲಿನ ಮೋಟಾರು ಸಿಕ್ಕಿತು. ಪೀಡಿಸಿದ್ದು ಸ್ಪ್ರಿಂಗು! ಬಿಗಿಯಾದರೆ ಒದೆತ ಅಜ್ಜಿಯ ಹೆಗಲಿಗೆ. ಸಡಿಲಾದರೆ ಗುಂಡು ಡೆಕ್ ದಾಟುವುದಿಲ್ಲ. ಗುಂಡನ್ನು ದೂಡುವ ಪಿಸ್ಟನ್‌ಗೆ ಹೊಂದುವ ಸ್ಪ್ರಿಂಗಿಗೆ ಹಿಂದಿನ ರಬ್ಬರ್ ಮೆತ್ತೆ ಹೊಂದದು, ಮೆತ್ತೆಗೆ ಹೊಂದಿದ್ದು ಪಿಸ್ಟನ್‌ಗೆ ಬೇಡ. ಜಾತಕ ಕೂಡಿಸುವವರೂ ಇಷ್ಟು ಒದ್ದಾಡಿರಲಾರರು.

ಕೊನೆಗೆ ಕಾಕಾ ನನ್ನನ್ನು ಕರೆದುಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದರು. ಹೋದವರೇ ತಮ್ಮ ಸೈಟ್ ಮೀಟಿಂಗಿನ ದನಿಯಲ್ಲಿ ಕೇಳಿದರು: "ಮನೆಯಲ್ಲಿ ಸೆಮಿ-ಆಟೊಮ್ಯಾಟಿಕ್ ರೈಫಲ್ ಮಾಡುತ್ತಿದ್ದೇನೆ. ಒದೆತ ತಡೆಯುವ ಸ್ಪ್ರಿಂಗು ಬೇಕು."

ಗುಂಡಿನ ದಾಳಿಯೊಂದರ ನಂತರ ಇಂಥ ರೈಫಲ್ಲುಗಳನ್ನೇ ನಿಷೇಧಿಸಿದ ಈ ದೇಶದಲ್ಲಿ ಆ ಮಾತನ್ನು ಯಾರೂ ತಮಾಷೆಗೂ ಆಡುವುದಿಲ್ಲ. ಬಣ್ಣ ಕಲಸುತ್ತಿದ್ದವನು ಯಂತ್ರ ನಿಲ್ಲಿಸಿದ. ಕೌಂಟರಿನ ಹೆಂಗಸು ನಿಧಾನವಾಗಿ ಕೇಳಿದಳು: "ಯಾರಿಗೆ, ಸರ್?"

ಕಾಕಾ ಮುಗುಳ್ನಕ್ಕರು. "ನನ್ನ ತಾಯಿಗೆ. ಡೆಕ್ಕಿನ ಮೇಲೆ ಕೂತು ಹೊಡೆಯಬೇಕಂತೆ."

ನಾನು ನಡುವೆ ಜಿಗಿದೆ. ಸ್ಪಂಜು, ಮೈನಾ, ಪಾರ್ಶ್ವವಾಯು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಮಂಡಿಸಿ, ಫೋನಿನಲ್ಲಿದ್ದ ಫೋಟೊ ತೋರಿಸಿದೆ: ಅರಿಶಿನ ಬಣ್ಣದ ಪ್ಲಾಸ್ಟಿಕ್ ಕೊಳವೆ, ಮೂತಿಗೆ ಕಾಕು ಇಟ್ಟ ಕುಂಕುಮ! ಯಾವ ಫೈನಲ್ಲಿನಲ್ಲೂ ನಾನು ಅಷ್ಟು ಚೆನ್ನಾಗಿ ವಾದಿಸಿಲ್ಲ. ಆ ಹೆಂಗಸು ನಿಟ್ಟುಸಿರುಬಿಟ್ಟು ಸ್ಪ್ರಿಂಗುಗಳ ಸಾಲು ತೋರಿಸಿದಳು. ಯಾವುದೂ ಹೊಂದಲಿಲ್ಲ ಎನ್ನುವುದು ಬೇರೆ ಮಾತು.

ಪಕ್ಕದ ಮನೆಯ, ಇಲ್ಲಿಯವನೇ ಆದ 'ಕಿವಿ' ಅಜ್ಜ ಮುರಿದ ಟ್ರ್ಯಾಂಪೊಲಿನ್ ಸ್ಪ್ರಿಂಗು ಕೊಟ್ಟ. ಪ್ರತಿ ಸ್ಪ್ರಿಂಗನ್ನೂ ಮೊದಲು ತಮ್ಮ ಹೆಗಲಿಗಿಟ್ಟು ನೋಡುವುದು ಕಾಕಾನ ನೇಮ. ಈ ಸಲ ರೈಫಲ್ಲು ನಮ್ಮೂರಿನ ಮೂಲಿಮನಿಯವರ ಎಮ್ಮೆಯ ಹಾಗೆ ಒದೆಯಿತು. ಹೆಗಲು ನೀಲಿಗಟ್ಟಿತು, ಕನ್ನಡಕ ಹುಲ್ಲಿನೊಳಗೆ ಸೇರಿತು. ಕಾಕು ಐಸ್ ತಂದು ಒತ್ತುತ್ತ, "ಒಬ್ಬರ ಕೈ ಸರಿ ಮಾಡ್ರಿ ಅಂದ್ರ ಇನ್ನೊಬ್ಬರದೂ ಕೆಡಿಸಿ ಇಟ್ರಿ. ಭಾಳ ಚೊಲೊ ಇಂಜಿನಿಯರಿಂಗು!" ಎಂದಳು.

ಅಂತೂ ಹದವಾದ ಸ್ಪ್ರಿಂಗೊಂದು ಸಿಕ್ಕಿತು. ಮಧ್ಯಾಹ್ನ ರೈಫಲ್ಲು ಚೆನ್ನಾಗಿ ಓಡುವುದು. ಮರುದಿನ ಬೆಳಿಗ್ಗೆ ಗ್ಯಾರೇಜಿನಲ್ಲಿ ನೋಡಿದರೆ ಪಿಸ್ಟನ್ ಸತ್ಯಾಗ್ರಹ! ಕಾಕಾ ಸ್ಪ್ರಿಂಗಿನ ಮೇಲೆ ಗೂಬೆ ಕೂರಿಸಿ ಮತ್ತೆ ಹುಡುಕಾಟಕ್ಕೆ ಹೊರಟರು. ಅಷ್ಟರಲ್ಲಿ ಕಾಕು ಬಾಗಿಲಲ್ಲಿ ಕಾಣಿಸಿಕೊಂಡಳು. "ನನ್ನ ತಲಿಗೆ ಹಚ್ಚೋ ಕೊಬ್ರಿ ಎಣ್ಣಿ ಯಾರು ತಂದೀರಿ ಇಲ್ಲೆ? ಬಿಸಿನೀರಾಗ ಇಡಬೇಕದನ್ನ, ಕಲ್ಲಾಗಿರ್ತದ."

ನಾನು ಕಾಕಾನನ್ನು ನೋಡಿದೆ. "ಕಾಕಾ, ಪಿಸ್ಟನ್‌ಗೆ ಯಾವ ಎಣ್ಣಿ ಹಾಕೀರಿ?"

"ಕೊಬ್ರಿ ಎಣ್ಣಿ. ಅದಕ್ಕಿಂತ ಶ್ರೇಷ್ಠ ಎಣ್ಣಿ ಯಾವುದದ?"

ಬಾಗಿಲ ತಿರುಗಣಿಗೂ ಕೊಬ್ಬರಿ ಎಣ್ಣೆ, ಒಡೆದ ಹಿಮ್ಮಡಿಗೂ ಕೊಬ್ಬರಿ ಎಣ್ಣೆ ಹಾಕುವವರು ರೈಫಲ್ಲಿಗೆ ಬೇರೆ ಹಾಕುತ್ತಾರೆಯೇ? ಇಲ್ಲಿಯ ಬೇಸಿಗೆಯ ಮುಂಜಾವಿಗೂ ಅದು ಬೆಣ್ಣೆಯಾಗುತ್ತದೆ! ನಾನು ರೈಫಲ್ಲನ್ನು ಬಿಸಿಲಿಗೆ ತಂದಿಟ್ಟು, ನನ್ನ ವಾದವನ್ನು ಅಂಶಗಳಾಗಿ ವಿಂಗಡಿಸಿ ಮಂಡಿಸುತ್ತಿದ್ದೆ. ನಡುವೆ ಎಣ್ಣೆ ಕರಗಿತು. ಒಳಗೆ ಸಿಕ್ಕಿಕೊಂಡಿದ್ದ ಗುಂಡು ಹಾರಿ ನನ್ನ ಹಣೆಗೆ ಬಡಿಯಿತು. ನನ್ನ ವಾದ ಸಿದ್ಧವಾಯಿತು. ಚಪ್ಪಾಳೆ ತಟ್ಟಿದವಳು ಅಜ್ಜಿಯೊಬ್ಬಳೇ, ಒಂದು ಕೈಯಿಂದ ತೊಡೆಯ ಮೇಲೆ.

ಎಣ್ಣೆ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಹಾಕಿದ್ದಾಯಿತು. ಭಾನುವಾರ ಬೆಳಿಗ್ಗೆ ಅಜ್ಜಿಯನ್ನು ಡೆಕ್ಕಿನಲ್ಲಿ ಕೂರಿಸಿ, ರೈಫಲ್ಲನ್ನು ಕುರ್ಚಿಯ ತೋಳಿಗೆ ಆನಿಸಿ, ಬಲಗೈ ತೋರುಬೆರಳನ್ನು ಕಾಕಾನೇ ಟ್ರಿಗರಿನ ಮೇಲೆ ಇಟ್ಟರು. ಮೈನಾಗಳು ಬಂದವು. ಸಂಡಿಗೆಯ ಮೊದಲ ಸಾಲಿಗೆ ಕೂತವು.

ಬೆರಳು ಕದಲಲಿಲ್ಲ.

"ಅವಸರ ಇಲ್ಲವ್ವಾ," ಎಂದರು ಕಾಕಾ. ಅವರ ದನಿ ಸಣ್ಣಗಾಗಿತ್ತು. ಅಜ್ಜಿಯ ಕುತ್ತಿಗೆಯ ನರ ಉಬ್ಬಿತು. ಮೈನಾಗಳು ಮೊದಲ ಸಾಲು ಮುಗಿಸಿ ಎರಡನೆಯದಕ್ಕೆ ಸರಿದವು. ಅವನ್ನು ಓಡಿಸಹೋದ ನನ್ನನ್ನು, ನಸುಕಿಗೇ ಎದ್ದು ಹಿಟ್ಟು ಕುದಿಸಿದ ಕಾಕುವೇ ತೋಳು ಹಿಡಿದು ನಿಲ್ಲಿಸಿದಳು. ಕಾಕಾ ಎದುರಿಗೇ ಬಂದು ಮೊಣಕಾಲೂರಿ, ಹಕ್ಕಿಯನ್ನಲ್ಲ, ಆ ಬೆರಳನ್ನೇ ನೋಡುತ್ತ ಕೂತರು.

ಫಟ್!

ಗುಂಡು ಕಾಕಾನ ಎದೆಗೇ ಬಡಿಯಿತು. ಅಜ್ಜಿ ಬೆರಗಾಗಿ ನೋಡಿ, ಮತ್ತೆ ಒತ್ತಿದಳು. ಫಟ್! ಮತ್ತೆ ಫಟ್!

"ಅಡ್ಡ ಯಾಕ ಕೂತೀಯೋ, ಖೋಡಿ!"

ಕಾಕಾ ಹಿಂದಕ್ಕೆ ಸರಿದು ಮೆಟ್ಟಿಲ ಮೇಲೆ ಕುಸಿದು ಕುಳಿತರು. ಕನ್ನಡಕ ತೆಗೆದು ಮುಖ ಮುಚ್ಚಿಕೊಂಡರು. ಭುಜಗಳು ಕುಲುಕುತ್ತಿದ್ದವು.

ಅಜ್ಜಿಗೆ ಗಾಬರಿಯಾಯಿತು. ರೈಫಲ್ಲು ಕೆಳಗೆ ಜಾರಿತು.

"ಏ, ಕಣ್ಣಿಗೆ ಹತ್ತಿತೇನೋ? ಬಾ ಇಲ್ಲೆ, ನೋಡ್ತೀನಿ," ಎಂದು ಬಲಗೈ ಮುಂದೆ ಚಾಚಿದಳು. ಆ ಬೆರಳು ಮೆಲ್ಲಗೆ, ಅರ್ಧಕ್ಕರ್ಧ ಮಡಚಿ, ಮಗನನ್ನು ಹತ್ತಿರಕ್ಕೆ ಕರೆಯಿತು.