ರೈಸ್ ಮಿಲ್ಲಿನ ಸಾ

ಫೆಬ್ರುವರಿ 8, ಶನಿವಾರ. ಮಧ್ಯಾಹ್ನ 12.40. ಶನಿವಾರವಾದ್ದರಿಂದ ಶಾಲೆ ಹನ್ನೊಂದೂವರೆಗೇ ಬಿಟ್ಟಿದೆ. ಬಾದನಹಟ್ಟಿಯ ನನ್ನ ಬಸ್ಸಿಗೆ ಇನ್ನೂ ಐವತ್ತು ನಿಮಿಷವಿದೆ. ಖಾಲಿ ಕ್ಲಾಸಿನಲ್ಲಿ ಕೂತು ಇದನ್ನು ಬರೆಯಲು ಶುರು ಮಾಡಿದ್ದೇನೆ.

ಸಿರುಗುಪ್ಪದಲ್ಲಿ ಭತ್ತದ ಧಾರಣೆಯ ಬಗ್ಗೆ ಚಿಂತೆ ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಭತ್ತ ಅಕ್ಕಿಯಾಗುವಾಗ ಬರುವ ಸದ್ದಿನ ಬಗ್ಗೆ ಚಿಂತೆ ಮಾಡಿದವರು ನನಗೆ ಗೊತ್ತಿರುವಂತೆ ಒಬ್ಬರೇ. ಅವರು ನಮ್ಮ ಶಾಲೆಯ ಸಂಗೀತದ ಸರ್. ಹೆಸರು ಬರೆಯುವುದಿಲ್ಲ. ಮುಂದೆ ಓದಿದರೆ ಗುರುತು ಹಿಡಿಯಲು ಹೆಸರೇ ಬೇಕಿಲ್ಲ ಎಂದು ನಿಮಗೇ ಗೊತ್ತಾಗುತ್ತದೆ.

ನಮ್ಮದು ಚಿಕ್ಕ ಖಾಸಗಿ ಶಾಲೆ. ಏಳು ಕ್ಲಾಸು, ಏಳು ಕೋಣೆ, ಹಿಂದೆ ಒಂದು ರೈಸ್ ಮಿಲ್ಲು. ನಾನು ಗಣಿತ ಕಲಿಸುತ್ತೇನೆ. ಗಣಿತಕ್ಕೆ ವಾರವಿಡೀ ಜಾಗವಿದೆ. ಸಂಗೀತ, ಚಿತ್ರ, ನಾಟಕ, ರಂಗೋಲಿ ಎಲ್ಲ ಸೇರಿ ಟೈಂಟೇಬಲ್ಲಿನಲ್ಲಿ ಒಂದೇ ಚೌಕ: ಶನಿವಾರದ ಕೊನೆಯ ಪಿರಿಯಡ್. ಆ ಒಂದು ಚೌಕಕ್ಕಾಗಿ ಸರ್ ಕುರುಗೋಡಿನಿಂದ ಬಸ್ಸಿನಲ್ಲಿ ಬರುತ್ತಿದ್ದರು, ತೊಡೆಯ ಮೇಲೆ ಹಾರ್ಮೋನಿಯಂ ಪೆಟ್ಟಿಗೆ ಇಟ್ಟುಕೊಂಡು. ಒಮ್ಮೆ ಕಂಡಕ್ಟರ್, ಅದರೊಳಗೆ ಕೋಳಿ ಇದೆಯೇ ಎಂದು ಕೇಳಿದನಂತೆ. “ಇಲ್ಲಪ್ಪ, ಏಳು ಸ್ವರ ಅದಾವು. ಅದರಾಗ ಎರಡು ಸತ್ತಾವು” ಎಂದು ಇವರು ಉತ್ತರ ಕೊಟ್ಟರಂತೆ.

ಸತ್ತ ಎರಡರಲ್ಲಿ ಒಂದು ಸಾ. ಬುನಾದಿಯ ಸ್ವರವೇ ಹೋದ ಮೇಲೆ ಹಾಡುವುದು ಹೇಗೆ? ಬೇರೆಯವರಾದರೆ ಪೆಟ್ಟಿಗೆ ರಿಪೇರಿ ಮಾಡಿಸುತ್ತಿದ್ದರು. ನಮ್ಮ ಸರ್ ಕಿಟಕಿಯ ಬಳಿ ನಿಂತು, ಹಿಂದಿನ ಮಿಲ್ಲಿನ ಮೋಟರು ಗುಂ ಎನ್ನುವುದನ್ನು ಕೇಳಿ, “ಇದ ನಮ್ಮ ಸಾ” ಎಂದು ತೀರ್ಮಾನ ಮಾಡಿಬಿಟ್ಟರು! ಅಂದಿನಿಂದ ಮಿಲ್ಲು ನಡೆದರೆ ಹಾಡು, ನಿಂತರೆ ಇಲ್ಲ. ಕೇಳಿದರೆ, “ಶ್ರುತಿ ಇನ್ನಾ ಬಂದಿಲ್ರಿ ಮೇಡಂ” ಎನ್ನುತ್ತಿದ್ದರು, ಬಸ್ಸು ಬಂದಿಲ್ಲ ಎನ್ನುವ ಹಾಗೆ.

ಜುಲೈನಲ್ಲಿ ಅವರು ಮಿಲ್ಲಿನ ಮಾಲೀಕರಿಗೆ ಪತ್ರವನ್ನೇ ಬರೆದರು. ಶನಿವಾರ ಹತ್ತೂವರೆಗೆ ಸರಿಯಾಗಿ ಭತ್ತ ಹಾಕಬೇಕಾಗಿ ವಿನಂತಿ. ಮಾಲೀಕರು ಗಾಬರಿಯಾಗಿ ಶಾಲೆಗೇ ಬಂದರು. ಇಷ್ಟು ವರ್ಷ ಸದ್ದು ನಿಲ್ಲಿಸಿ ಎಂದು ಜಗಳಕ್ಕೆ ಬಂದವರನ್ನು ಮಾತ್ರ ಅವರು ಕಂಡಿದ್ದರು. ಸದ್ದು ಮಾಡಿ ಎಂದು ಕೇಳಿದವರು ಇವರೇ ಮೊದಲಿಗರು! ಭತ್ತ ಬಾರದೆ ಬರೀ ಮೋಟರು ತಿರುಗಿಸಲಾಗದು ಎಂದು ಹೇಳಿ, ಚಹಾ ಕುಡಿದು ಹೋದರು.

ಇನ್ನು ನನ್ನ ವಿಷಯ. ನನಗೆ ಲೆಕ್ಕ ಬರೆದಿಡುವ ಅಭ್ಯಾಸ. ಮುರಿದ ಬೆಂಚೆಷ್ಟು, ತಡವಾಗಿ ಬಂದವರೆಷ್ಟು, ಎಲ್ಲಕ್ಕೂ ಡೈರಿಯಲ್ಲಿ ಗೆರೆ ಎಳೆಯುತ್ತೇನೆ. ಸಂಗೀತ ನಡೆಯುತ್ತಿದ್ದ ಕೋಣೆಗೂ ನನ್ನ ಕೋಣೆಗೂ ನಡುವೆ ತಗಡಿನ ಗೋಡೆ. ಹಾಡು ಕೇಳಿದ ಶನಿವಾರ ಒಂದು ಸಾಲಿನಲ್ಲಿ ಗೆರೆ, ಕೇಳದ ಶನಿವಾರ ಇನ್ನೊಂದರಲ್ಲಿ. ಯಾಕೆ ಎಂದು ಕೇಳಬೇಡಿ. ನೆಗಡಿ ಬಂದರೆ ಸೀನುಗಳನ್ನೂ ಎಣಿಸುವವಳು ನಾನು.

ನವೆಂಬರ್ ಮೊದಲ ವಾರ ಶಾಲೆಯ ಕಾರ್ಯದರ್ಶಿಗಳು ಟೀಚರುಗಳನ್ನು ಕರೆದರು. ಬೇರೆ ಶಾಲೆಗಳೆಲ್ಲ ಗಣಿತದ ಫೌಂಡೇಶನ್ ಕ್ಲಾಸು ಶುರು ಮಾಡಿವೆ, ನಮಗೆ ಶನಿವಾರದ ಆ ಪಿರಿಯಡ್ ಬೇಕು ಎಂದರು. ಸರ್ ಎದ್ದು ನಿಂತರು. ನಮ್ಮ ಕಡೆ ಶಾಲೆಗೆ ಸಾಲಿ ಎನ್ನುತ್ತಾರೆ.

“ಸಾಲಿ ಅನ್ನೋದ್ರಾಗ ಮೊದಲ್ನೇ ಅಕ್ಷರ ಯಾವುದೈತ್ರಿ? ಸಾ. ಅದನ್ನ ತೆಗೆದ್ರ ಬರೇ ಲಿ ಉಳೀತೈತಿ. ಲಿ ಇಟ್ಕೊಂಡು ಏನ್ ಮಾಡ್ತೀರಿ?”

ಕಾರ್ಯದರ್ಶಿಗಳಿಗೂ ನಗು ಬಂತು. ಒಂದು ಅವಕಾಶ ಕೊಟ್ಟರು. ತಿಂಗಳ ಕೊನೆಗೆ ಬಳ್ಳಾರಿಯಲ್ಲಿ ಅಂತರಶಾಲಾ ಗುಂಪು ಗಾಯನ ಸ್ಪರ್ಧೆ ಇತ್ತು. ಅಲ್ಲಿಂದ ಒಂದು ಬಹುಮಾನ ತಂದರೆ ಪಿರಿಯಡ್ ಉಳಿಯುತ್ತದೆ.

ಹನ್ನೊಂದು ಮಕ್ಕಳು ಹೊರಟರು. ಜೊತೆಗೆ ನಾನು, ತಲೆ ಎಣಿಸಲು. ಅವರಲ್ಲಿ ಆರನೇ ಕ್ಲಾಸಿನ ಒಬ್ಬಳಿದ್ದಳು, ಸಿರಿಗೇರಿಯಿಂದ ಆಟೋದಲ್ಲಿ ಬರುವವಳು. ಹಾಜರಿ ಕರೆದರೆ ಅವಳ ದನಿ ಮೂರನೇ ಬೆಂಚು ದಾಟಿ ಬರುವುದಿಲ್ಲ. ಎದುರಿಗೇ ಕೂತವಳನ್ನು ನಾನು ಮೂರು ಸಲ ಗೈರುಹಾಜರು ಎಂದು ಬರೆದಿದ್ದೇನೆ. ಇವಳನ್ನು ಹಾಡಲು ಯಾಕೆ ಕರೆತಂದರೋ ಎಂದುಕೊಂಡೆ.

ಬಳ್ಳಾರಿಯ ಆ ಸಭಾಂಗಣದಲ್ಲಿ ಎಲ್ಲವೂ ಇತ್ತು, ಮಿಲ್ಲೊಂದು ಬಿಟ್ಟು. ಮಕ್ಕಳ ಮುಖ ಬಾಡಿತು. ನಮ್ಮ ಸರದಿ ಬರುವ ಹೊತ್ತಿಗೆ ಕರೆಂಟು ಹೋಯಿತು. ಅಂಗಳದ ಜನರೇಟರು ಗುಡುಗಿತು. ಸರ್ ಮುಖದಲ್ಲಿ ಅಂಥ ಬೆಳಕನ್ನು ನಾನು ಮತ್ತೆಂದೂ ಕಾಣಲಿಲ್ಲ!

“ನಮ್ಮ ಮಿಲ್ಲಿಗಿಂತ ಒಂದೀಟು ಮ್ಯಾಲ ಐತಿ, ಅಂಜಬ್ಯಾಡ್ರಿ” ಎಂದು ಮಕ್ಕಳಿಗೆ ಪಿಸುಗುಟ್ಟಿದರು.

ಮೊದಲ ಚರಣ ಎಷ್ಟು ಚೆನ್ನಾಗಿ ಬಂತೆಂದರೆ, ತೀರ್ಪುಗಾರರಲ್ಲಿ ಒಬ್ಬರು ಬರೆಯುವುದನ್ನು ಬಿಟ್ಟು ತಲೆ ಎತ್ತಿದರು. ಎರಡನೇ ಚರಣದ ಎರಡನೇ ಸಾಲಿಗೆ ಕರೆಂಟು ಬಂತು. ಜನರೇಟರು ನಿಂತಿತು. ಹತ್ತು ಮಕ್ಕಳ ದನಿ ಹತ್ತು ದಿಕ್ಕಿಗೆ ಹೋಯಿತು, ಬೇಲಿ ಮುರಿದ ಕುರಿಗಳ ಹಾಗೆ. ಒಬ್ಬರನ್ನೊಬ್ಬರು ನೋಡಿ ನಕ್ಕು, ಆಮೇಲೆ ಹಾಡುವುದನ್ನೇ ಬಿಟ್ಟರು. ಸಿರಿಗೇರಿಯ ಹುಡುಗಿ ಮಾತ್ರ ಕಣ್ಣು ಮುಚ್ಚಿ ಬಾಯಾಡಿಸುತ್ತಿದ್ದಳು. ನನಗೆ ಏನೂ ಕೇಳಲಿಲ್ಲ. ಗಂಟೆ ಬಾರಿಸಿದರು.

ಬಸ್ಸಿನಲ್ಲಿ ನಾನು ಮತ್ತೆ ಹನ್ನೊಂದು ತಲೆ ಎಣಿಸಿದೆ. ಸರ್ ಒಮ್ಮೆ, ಕರೆಂಟು ಬರುವುದೂ ಒಂದು ಕಷ್ಟವೇ ನೋಡ್ರಿ ಎಂದರು.

ಸೋಮವಾರ ಕಾರ್ಯದರ್ಶಿಗಳು ನಮ್ಮಿಬ್ಬರನ್ನೂ ಮತ್ತೆ ಕರೆದರು. ಬಹುಮಾನ ಬರಲಿಲ್ಲ ಎನ್ನುವುದಷ್ಟೇ ಅವರಿಗೆ ಸಾಲಲಿಲ್ಲ.

“ಮೇಡಂ, ನೀವು ಎಲ್ಲಾ ಬರದಿಟ್ಟಿರ್ತೀರಲ್ಲ. ಜೂನ್‌ನಿಂದ ಈ ಪಿರಿಯಡ್‌ದಾಗ ಹಾಡಿದ್ದೆಷ್ಟು?”

“ಹದಿಮೂರು, ಸರ್.”

“ಹಾಡದ್ದು?”

ಸುಳ್ಳು ಹೇಳಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಡೈರಿ ತೆರೆದೇ ಇತ್ತು. “ಒಂಬತ್ತು” ಎಂದೆ.

ಸಂಗೀತದ ಸರ್ ನನ್ನ ಕಡೆ ನೋಡಿದರು. ಸಿಟ್ಟು ಇರಲಿಲ್ಲ. “ಮೇಡಂ ಲೆಕ್ಕ ಬರೋಬ್ಬರಿ ಐತ್ರಿ” ಎಂದರು. ಪೆಟ್ಟಿಗೆ ಎತ್ತಿಕೊಂಡು ಹೋದರು.

ಆ ಚೌಕದಲ್ಲಿ ಈಗ ನನ್ನ ಗಣಿತವಿದೆ. ಸರ್ ಮತ್ತೆ ಬರಲಿಲ್ಲ. ಫೋನು ಹತ್ತುವುದಿಲ್ಲ, ಹದಿನೇಳು ಸಲ ಮಾಡಿದ್ದೇನೆ. ಡಿಸೆಂಬರಿನಲ್ಲಿ ಕುರುಗೋಡಿಗೆ ಹೋದೆ. ಅವರ ಬಾಡಿಗೆ ಮನೆಗೆ ಬೀಗವಿತ್ತು. ಪಕ್ಕದ ಮನೆಯ ಅಜ್ಜಿ, ಪೆಟ್ಟಿಗೆ ಹಿಡಿದುಕೊಂಡು ಆದೋನಿ ಬಸ್ಸು ಹತ್ತಿದರು ಎಂದಳು. ಅವಳ ಸೊಸೆ, ಅಲ್ಲ, ಬಳ್ಳಾರಿ ಬಸ್ಸು ಎಂದಳು.

ಇವತ್ತು ಬೆಳಿಗ್ಗೆ ಹತ್ತೂವರೆಗೆ ನಾನು ಹಲಗೆಯ ಮೇಲೆ ಭಿನ್ನರಾಶಿ ಬರೆಯುತ್ತಿದ್ದೆ. ಹಿಂದಿನ ಮಿಲ್ಲು ಶುರುವಾಯಿತು. ಮೂರನೇ ಬೆಂಚಿನಲ್ಲಿ ಕೈ ಎದ್ದಿತು, ಸಿರಿಗೇರಿಯ ಹುಡುಗಿಯದು. ಅವಳು ಕೈ ಎತ್ತಿದ್ದು ಈ ವರ್ಷ ಇದೇ ಮೊದಲು.

“ಮೇಡಂ, ಅದು ಸಾ ಅಲ್ರಿ.”

ಮಿಲ್ಲಿಗೆ ಹೊಸ ಮೋಟರು ಕೂರಿಸಿದ್ದಾರೆ ಎಂದು ಹಿಂದಿನ ದಿನ ಕೇಳಿದ್ದೆ. ನನ್ನ ಕಿವಿಗೆ ಅದೇ ಗದ್ದಲ. ನಿನಗೆ ಹೇಗೆ ಗೊತ್ತು ಎಂದೆ.

“ಮಿಲ್ ನಿಂತ ದಿನ ಸರ್ ನಮ್ಮನ್ನ ಕಣ್ಣು ಮುಚ್ಚಿ ಕುಂದ್ರಸ್ತಿದ್ರು. ಸದ್ದು ಹೋದ್ರೂ ಸಾ ಹೋಗಬಾರದು, ಒಳಗ ಹಿಡ್ಕೊಂಡು ಕುಂದರ್ರಿ ಅಂತಿದ್ರು. ನಂದು ಹೋಗಿಲ್ರಿ.”

ಹಾಗೆಂದು ಅವಳು ಆ ಸ್ವರ ಹಿಡಿದಳು. ಸಣ್ಣ ದನಿ. ಹೊಸ ಮೋಟರಿನ ಸದ್ದಿನ ಕೆಳಗೆ, ಅದಕ್ಕೆ ಒಗ್ಗದೆ, ಅಲುಗದೆ ನಿಂತಿತ್ತು. ಒಬ್ಬೊಬ್ಬರಾಗಿ ಹಿಂದಿನ ಬೆಂಚಿನವರೂ ಸೇರಿದರು. ನಾನು ಸೀಮೆಸುಣ್ಣ ಹಿಡಿದು ಹಾಗೇ ನಿಂತಿದ್ದೆ.

ತಗಡಿನ ಆಚೆ ಆ ಒಂಬತ್ತು ಶನಿವಾರ ನಡೆದದ್ದು ಇದು. ನಾನು ಬರೆದದ್ದು ‘ಹಾಡಿಲ್ಲ’ ಎಂದು. ಈಗ ತಾನೇ ಆ ಸಾಲನ್ನು ಹೊಡೆದುಹಾಕಿದೆ. ಹದಿಮೂರಕ್ಕೆ ಒಂಬತ್ತು ಸೇರಿಸಿ ಇಪ್ಪತ್ತೆರಡು ಎಂದು ತಿದ್ದಿದೆ. ತಿದ್ದಿದ್ದನ್ನು ತೋರಿಸಬೇಕಾದವರು ಇಲ್ಲ.

ಒಂದೂವರೆಯ ಬಸ್ಸು ಹೋಯಿತು. ಇರಲಿ. ಎರಡು ಸ್ವರ ಸತ್ತ ಹಾರ್ಮೋನಿಯಂ ಹಿಡಿದು, ಯಾವುದಾದರೂ ಊರಿನಲ್ಲಿ, ಮಿಲ್ಲಿನ ಗೋಡೆಗೆ ಕಿವಿಗೊಟ್ಟು ನಿಂತವರನ್ನು ನೀವು ಕಂಡಿದ್ದರೆ ದಯವಿಟ್ಟು ಎರಡು ಸಾಲು ಬರೆದು ತಿಳಿಸಿ. ಅವರಿಗೂ ಇಷ್ಟು ಹೇಳಿ: ನಮ್ಮ ಮಿಲ್ಲಿನ ಮೋಟರು ಬದಲಾಗಿದೆ. ಹಳೆಯ ಸಾ ಆರನೇ ಕ್ಲಾಸಿನ ಮೂರನೇ ಬೆಂಚಿನಲ್ಲಿದೆ.