ಯಂತ್ರದ ಹಣೆಗೆ ವಿಭೂತಿ

ಹೊಸ ಯಂತ್ರವೊಂದು ಮನೆಯ ಹೊಸಿಲು ದಾಟಿ ಬಂದಮೇಲೆ ಪೂಜೆಯಿಲ್ಲದೆ ಹೊರಗೆ ಕಳಿಸುವುದುಂಟೇ ಎಂಬುದು ಉಮಾಮಹೇಶ್ವರಿಯ ನ್ಯಾಯ. ಗಂಡ ರೇವಣಸಿದ್ದಯ್ಯ ಸ್ನಾನಕ್ಕೆ ಹೋದ ಹೊತ್ತಿಗೆ, ಮೇಜುದೀಪದ ಹಾಗೆ ತಲೆ ತಗ್ಗಿಸಿ ನಿಂತಿದ್ದ ಅದರ ಮುಖವನ್ನು ಮದುಮಗಳ ಗಲ್ಲ ಹಿಡಿದಂತೆ ಮೇಲೆತ್ತಿ, ದುಂಡನೆಯ ಗಾಜಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದಳು. ನಡುವೆ ಒಂದು ಕುಂಕುಮದ ಬೊಟ್ಟು. ಮತ್ತೆ ತಲೆ ತಗ್ಗಿಸಿ ಪೆಟ್ಟಿಗೆಯಲ್ಲಿಟ್ಟಳು. ಗಂಡನಿಗೆ ಹೇಳಲಿಲ್ಲ. ಮಿಕ್ಸಿ ತಂದಾಗಲೂ ಹೇಳಿರಲಿಲ್ಲ.

ರೇವಣಸಿದ್ದಯ್ಯ ಗುಬ್ಬಿಯ ಶಾಲೆಯೊಂದರಲ್ಲಿ ಕಣ್ಣು ಕಾಣದ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರು. ಅಚ್ಚಾದ ಪುಟವನ್ನು ಕೆಳಗಿಟ್ಟರೆ ಗಟ್ಟಿಯಾಗಿ ಓದಿ ಹೇಳುವ ಈ ಯಂತ್ರ ಆರನೇ ಕ್ಲಾಸಿನ ಕಾವ್ಯಳಿಗಾಗಿ ಬಂದದ್ದು. ಹಿಂದಿನ ದಿನ ತುಮಕೂರಿನ ಕಚೇರಿಯಲ್ಲಿ ಮೂರು ಕಡೆ ರುಜು ಹಾಕಿ ತಂದಿದ್ದ. ಇವತ್ತು ಆ ಕಚೇರಿಯ ದೊಡ್ಡರಂಗಯ್ಯ ಸಾಹೇಬರೇ ಬಂದು ಅದನ್ನು ಹುಡುಗಿಯ ಕೈಗೆ ಕೊಡುವವರಿದ್ದರು. ಹೋದ ವರ್ಷ ಕುಣಿಗಲ್ಲಿನ ಮೇಷ್ಟ್ರೊಬ್ಬರು ಒಂದು ಭೂತಗನ್ನಡಿ ಕಳೆದದ್ದಕ್ಕೆ ಈ ಸಾಹೇಬರು ಅವರನ್ನು ಪಾವಗಡದ ಗಡಿಗೆ ಎತ್ತಿಹಾಕಿದ್ದರು. ಅಂದಿನಿಂದ ರೇವಣಸಿದ್ದಯ್ಯನ ಕನಸಿಗೆ ಪಾವಗಡದ ಬಸ್ಸು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಬೆಳಿಗ್ಗೆ ಮನೆಯಿಂದ ಗುಬ್ಬಿಯವರೆಗೂ ಪೆಟ್ಟಿಗೆಯನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದ.

ಹತ್ತು ಗಂಟೆಗೆ ಪಾಠದ ಪುಸ್ತಕ ಕೆಳಗಿಟ್ಟು ಗುಂಡಿ ಒತ್ತಿದ.

"ಅಕ್ಷರ ಕಾಣಿಸುತ್ತಿಲ್ಲ. ಪುಟವನ್ನು ಸರಿಯಾಗಿಡಿ," ಎಂದಿತು ಯಂತ್ರ.

ಸರಿಯಾಗಿಟ್ಟ. ಕಿಟಕಿಯ ಹತ್ತಿರ ಇಟ್ಟ. ಪುಸ್ತಕ ಬದಲಿಸಿದ. ಯಂತ್ರದ್ದು ಅದೇ ರಾಗ. ರೇವಣಸಿದ್ದಯ್ಯನ ಅಂಗಿ ಬೆನ್ನಿಗೆ ಅಂಟಿತು.

"ಇದೂ ನನ್ ಥರಾನೇನಾ ಸಾರ್?" ಎಂದು ಕಾವ್ಯ ನಕ್ಕಳು. ಅವನಿಗೆ ನಗು ಬರಲಿಲ್ಲ.

ಅಷ್ಟರಲ್ಲಿ ಶಾಲೆಯೆಲ್ಲ ನೆರೆಯಿತು. ಅಡುಗೆಯ ಸಿದ್ದಗಂಗಮ್ಮ ಥಂಡಿ ಹೊಡೆದಿರಬೇಕು, ಒಲೆ ಪಕ್ಕ ಇಡಿ ಎಂದಳು. ಡ್ರಿಲ್ ಮೇಷ್ಟ್ರು ಸೋಮಶೇಖರ್ ಹಲಸಿನಹಣ್ಣು ನೋಡುವವರಂತೆ ಬೆನ್ನಿಗೆ ತಟ್ಟಿ ಕಿವಿಯಿಟ್ಟು ಕೇಳಿದರು. ಹೆಡ್‌ಮೇಡಂ ಅರುಣಾ ಮಾತ್ರ ಏನನ್ನೂ ಮುಟ್ಟದೆ ಒಂದು ಲೋಟ ಮಜ್ಜಿಗೆ ತರಿಸಿಕೊಟ್ಟರು.

"ಹೆದ್ರಬೇಡಿ ಸಾರ್. ಸಾಹೇಬ್ರಿಗೆ ನಾನು ಹೇಳ್ತೀನಿ, ನಿಮ್ ತಪ್ಪಿಲ್ಲ ಅಂತ."

ಆ ಮಜ್ಜಿಗೆ ಇನ್ನೂ ಗಂಟಲಲ್ಲಿರುವಾಗಲೇ ಸೋಮಶೇಖರ್ ಅವನನ್ನು ಆಫೀಸು ಕೋಣೆಗೆ ಎಳೆದೊಯ್ದರು.

"ಮೇಡಂ ಮಾತು ನಂಬ್ಕೊಂಡು ಕೂರಬ್ಯಾಡ ಕಣಯ್ಯ. ಸಾಹೇಬ್ರು ಕೇಳೋಕ್ ಮುಂಚೆ ಬರ್ದೋನು ಬಚಾವು, ಕೇಳಿದ್ಮೇಲೆ ಬರ್ದೋನು ಪಾವಗಡ."

"ಏನಂತ ಬರೀಲಿ?"

"ಯಾರ್ದಾದ್ರೂ ಒಂದ್ ಹೆಸ್ರು ಹಾಕು. ನಂದೊಂದು ಬುಟ್ಟು."

ಕಂಪ್ಯೂಟರಿನ ಮುಂದೆ ಕೂತ ರೇವಣಸಿದ್ದಯ್ಯನಿಗೆ ಎಷ್ಟು ಯೋಚಿಸಿದರೂ ಒಂದೇ ಹೆಸರು ಹೊಳೆಯಿತು. ಎರಡು ಬೆರಳಿನಲ್ಲಿ ಟೈಪು ಮಾಡಿ, ಪ್ರಿಂಟು ತೆಗೆದು, ರುಜು ಹಾಕಿದ. ಹೊರಗೆ ಜೀಪಿನ ಸದ್ದಾಯಿತು. ಓಡಿಬಂದವನು ಹಾಳೆಯನ್ನು ಎಲ್ಲಿಡುವುದೆಂದು ತಿಳಿಯದೆ ಯಂತ್ರದ ಬಳಿಯಿದ್ದ ಪಾಠದ ಪುಸ್ತಕದೊಳಗೆ ತುರುಕಿ ಕೈಕಟ್ಟಿ ನಿಂತ. ಯಂತ್ರ ಕೆಟ್ಟಿದೆ ಎಂದು ಸಾಹೇಬರಿಗೆ ತಿಳಿದ ಕ್ಷಣ ತೆಗೆದುಕೊಟ್ಟರಾಯಿತು.

ದೊಡ್ಡರಂಗಯ್ಯ ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸಿಕೊಂಡರು. ಪಕ್ಕದಲ್ಲಿ ಅರುಣಾ ಮೇಡಂ. "ಎಲ್ಲಿ, ನೀನೇ ನಡೆಸಿ ತೋರ್ಸಮ್ಮ," ಎಂದರು ಸಾಹೇಬರು ಕಾವ್ಯಳಿಗೆ.

ಅವಳು ಹೊಸ ಕರುವನ್ನು ಸವರುವಂತೆ ಯಂತ್ರದ ಕತ್ತು, ತಲೆ, ತಲೆಯ ಕೆಳಗೆಲ್ಲ ಬೆರಳಾಡಿಸಿದಳು. ಬೆರಳು ಗಾಜಿನ ಮೇಲೆ ನಿಂತಿತು. ಮೂಗಿಗೆ ಹಿಡಿದಳು.

"ಸಾರ್, ವಿಭೂತಿ. ಯಾರೋ ಇದರ ಕಣ್ಣಿಗೇ ಬಳ್ದವ್ರೆ."

ಕರ್ಚೀಫಿನಿಂದ ಒರೆಸಿದಳು. ರೇವಣಸಿದ್ದಯ್ಯನಿಗೆ ಹೋದ ಜೀವ ಬಂತು. ಉಮಾಮಹೇಶ್ವರಿಯ ಮುಖ ಕಣ್ಣಮುಂದೆ ಹಾಯಿತು, ಕ್ಷಮಿಸಿಯೂಬಿಟ್ಟ. ಪಾವಗಡದ ಬಸ್ಸು ಅವನನ್ನು ಬಿಟ್ಟು ಹೊರಟೇಹೋಯಿತು.

ಕಾವ್ಯ ಪುಸ್ತಕವನ್ನು ಯಂತ್ರದ ಕೆಳಗೆ ಇಟ್ಟು ತೆರೆದಳು. ಒಳಗೆ ಹಾಳೆಯಿದ್ದ ಪುಸ್ತಕ, ಹಾಳೆಯಿದ್ದಲ್ಲೇ ತೆರೆದುಕೊಂಡಿತು. ರೇವಣಸಿದ್ದಯ್ಯ ಕೈ ಚಾಚುವಷ್ಟರಲ್ಲಿ ಅವಳು ಗುಂಡಿ ಒತ್ತಿಯಾಗಿತ್ತು.

"ಮಾನ್ಯರೇ," ಎಂದು ಶುರುಮಾಡಿತು ಯಂತ್ರ, ಪಕ್ಕದ ಕ್ಲಾಸಿಗೂ ಕೇಳುವಂತೆ. "ನಾನು ಎಷ್ಟು ಬೇಡವೆಂದರೂ ಕೇಳದೆ ಮುಖ್ಯ ಶಿಕ್ಷಕಿ ಅರುಣಾ ಅವರು ಸಿಕ್ಕಸಿಕ್ಕ ಗುಂಡಿ ಒತ್ತಿ ಯಂತ್ರವನ್ನು ಕೆಡಿಸಿರುತ್ತಾರೆ. ಇದರಲ್ಲಿ ನನ್ನ ತಪ್ಪೇನೂ ಇರುವುದಿಲ್ಲ. ಇಂತಿ ತಮ್ಮ ವಿಧೇಯ, ರೇವಣಸಿದ್ದಯ್ಯ."

ಒಂದಕ್ಷರವೂ ತಪ್ಪಿರಲಿಲ್ಲ. ಅರುಣಾ ಮೇಡಂ ಮೇಜಿನ ಮೇಲಿದ್ದ ಮಜ್ಜಿಗೆಯ ಖಾಲಿ ಲೋಟವನ್ನೇ ನೋಡುತ್ತಿದ್ದರು. ಸೋಮಶೇಖರ್‌ಗೆ ಇದ್ದಕ್ಕಿದ್ದಂತೆ ಮೈದಾನದಲ್ಲಿ ಕೆಲಸ ನೆನಪಾಯಿತು.

ಕಾವ್ಯಳ ಮುಖ ಮಾತ್ರ ಅರಳಿತ್ತು. "ಎಷ್ಟು ಚೆನ್ನಾಗ್ ಓದ್ತು ಅಲ್ವಾ ಸಾರ್? ಇನ್ನೊಂದ್ಸಲ ಓದಿಸ್ಲಾ?"

ದೊಡ್ಡರಂಗಯ್ಯ ಜೇಬಿನಿಂದ ಪೆನ್ನು ತೆಗೆದರು.

"ಓದ್ಸಮ್ಮ. ಕೊನೇಲಿರೋ ಹೆಸ್ರು ಬರ್ಕೋಬೇಕು."