ನಮ್ಮ ಆರ್ಕೆಸ್ಟ್ರಾಕ್ಕೆ ಬಂದ ಸೌಂಡ್ ಪೆಟ್ಟಿಗೆ

ಯಂತ್ರವನ್ನು ಪರೀಕ್ಷೆ ಮಾಡುವುದು ಕಷ್ಟವಲ್ಲ. ಅದರ ಸುತ್ತ ನಿಂತ ಜನರಿಂದ ಫಲಿತಾಂಶ ಕೆಡುತ್ತದೆ. ನನ್ನ ಕೆಲಸದಲ್ಲಿ ಇದು ಆಗಾಗ ಆಗುತ್ತಲೇ ಇರುತ್ತದೆ. ಒಂದು ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಮೊದಲಿನಿಂದ ಕೊನೆಯವರೆಗೂ ಆಯಿತು.

ಬಿ.ಎಸ್ಸಿ.ಯಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಟೆಸ್ಟಿಂಗ್ ವಿಭಾಗಕ್ಕೆ ಸೇರಿದ್ದೆ. ರಜಾದಿನಗಳಲ್ಲಿ ರಾಮನಗರದ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸುತ್ತಿದ್ದೆ. ಹೊಸ ಹೊಸ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಪ್ರತಿ ಕಾರ್ಖಾನೆಗೂ ಒಂದು ಆಯುಧಪೂಜೆ, ಒಂದು ರಾಜ್ಯೋತ್ಸವ. ಎಲ್ಲೆಡೆ ಡ್ಯಾನ್ಸ್ ಹಾಡೇ ಬೇಕು. ಭಾವಗೀತೆ ಶುರುವಾದರೆ ಕೆಲಸಗಾರರು ಕ್ಯಾಂಟೀನ್ ಕಡೆ ನೋಡುತ್ತಿದ್ದರು.

ಹಾಗಾಗಿ ಆರ್ಕೆಸ್ಟ್ರಾದ ಯಜಮಾನರು ಬೆಂಗಳೂರಿಗೆ ಹೋಗಿ ಒಂದು ಸೌಂಡ್ ಮಾಡ್ಯೂಲ್ ತಂದರು. ಆಯುಧಪೂಜೆಯೊಳಗೆ ಬೇಡವೆನಿಸಿದರೆ ಹೇಗೆ ಕೊಟ್ಟಿದ್ದೆವೋ ಹಾಗೇ ವಾಪಸ್ ತರಬಹುದು ಎಂದು ಅಂಗಡಿಯವರು ಹೇಳಿದ್ದರು. ಇಟ್ಟುಕೊಳ್ಳಬೇಕೋ ಬೇಡವೋ ಎಂದು ಪರೀಕ್ಷಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಈ ಪರೀಕ್ಷೆಯಲ್ಲಿ ನನ್ನದೇನೂ ಹೋಗುವಂತಿರಲಿಲ್ಲ. ಹೋಗುವುದು ನಮ್ಮ ರಿದಂ ಪ್ಯಾಡನ್ನು, ಅಂದರೆ ಕೋಲಿನಿಂದ ಬಡಿಯುವ ಎಲೆಕ್ಟ್ರಾನಿಕ್ ಡ್ರಮ್ಮನ್ನು, ಬಾರಿಸುವವರದು. ಅವರನ್ನು ಎಲ್ಲರೂ ಪ್ಯಾಡ್ ಅಣ್ಣ ಎನ್ನುತ್ತಿದ್ದರು. ತಾಳವನ್ನು ಮೊದಲೇ ಕೀಬೋರ್ಡಿನಲ್ಲಿ ತುಂಬಿಟ್ಟರೆ ಪೆಟ್ಟಿಗೆ ಅದನ್ನು ತಾನೇ ಬಾರಿಸುತ್ತದೆ. ಪೆಟ್ಟಿಗೆ ಪಾಸಾದರೆ ಪ್ಯಾಡ್ ಅಣ್ಣ ಮನೆಗೆ. ಇದನ್ನು ಯಜಮಾನರು ಅವರ ಮುಂದೆಯೇ ಹೇಳಿದ್ದರು.

1. ಕೀ ಇಲ್ಲ, ಸ್ಪೀಕರೂ ಇಲ್ಲ

ಅಭ್ಯಾಸ ನಡೆಯುತ್ತಿದ್ದುದು ಯಜಮಾನರ ಮನೆಯ ಹಜಾರದಲ್ಲಿ. ಪೆಟ್ಟಿಗೆಯನ್ನು ರಟ್ಟಿನಿಂದ ತೆಗೆದಾಗ ಅವರ ಮುಖ ಸಣ್ಣಗಾಯಿತು. ವಿಸಿಡಿ ಪ್ಲೇಯರಿನಷ್ಟು ಅಗಲ, ಅಷ್ಟೇ ಎತ್ತರ, ಕಪ್ಪು ತಗಡು. ಮುಂದೆ ಒಂದು ಸಣ್ಣ ಪರದೆ, ನಾಲ್ಕಾರು ಗುಂಡಿ.

"ಬಾರ್ಸಕ್ಕೆ ಕೀನೇ ಇಲ್ವಲ್ಲಪ್ಪ" ಎಂದರು.

"ಇದಕ್ಕೆ ಇರೋದಿಲ್ಲ."

"ಸ್ಪೀಕರು?"

"ಅದೂ ಇಲ್ಲ."

"ಅವ್ನ್ಯಾರೋ ಖಾಲಿ ಡಬ್ಬ ಕೊಟ್ಬುಟ್ಟವ್ನೆ ನಂಗೆ."

ನಾನು ವಿವರಿಸಿದೆ. ಡ್ರಮ್ಮು, ತಮಟೆ, ಪಿಟೀಲು, ಕಹಳೆ, ಎಲ್ಲಾ ಸದ್ದೂ ಇದರ ಒಳಗಿದೆ. ಆದರೆ ತಾನಾಗಿ ಏನೂ ಮಾಡುವುದಿಲ್ಲ. ಬೇರೆ ಕಡೆಯಿಂದ ವೈರಿನಲ್ಲಿ ಅಪ್ಪಣೆ ಬರಬೇಕು. ಯಾವ ಸದ್ದು, ಎಷ್ಟು ಜೋರು, ಯಾವಾಗ ನಿಲ್ಲಿಸಬೇಕು, ಎಲ್ಲವನ್ನೂ ಬೇರೆಯವರೇ ಹೇಳಬೇಕು. ಹೇಳದಿದ್ದರೆ ಸುಮ್ಮನೆ ಕೂತಿರುತ್ತದೆ.

ಯಜಮಾನರು ಒಮ್ಮೆ ಅಡುಗೆಮನೆಯ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿದರು.

"ಅಂಗಾರೆ ನನ್ನಂಗೇ ಕಣಪ್ಪ. ಇರ್ಲಿ ಬುಡು, ಪಾಪ."

2. ಕೈ ಗುರುತು

ಕಾರ್ಖಾನೆಯಲ್ಲಿ ನಮಗೆ ಒಂದು ನಿಯಮವಿತ್ತು. ಎರಡು ವಸ್ತುಗಳನ್ನು ಹೋಲಿಸುವಾಗ ಯಾವುದು ಯಾವುದೆಂದು ನೋಡುವವನಿಗೆ ಗೊತ್ತಿರಬಾರದು. ಇಲ್ಲೂ ಅದನ್ನೇ ಮಾಡಿದೆ. ಒಂದೇ ಟಪ್ಪಾಂಗುಚ್ಚಿ ತಾಳವನ್ನು ಪ್ಯಾಡ್ ಅಣ್ಣನಿಂದ ಬಾರಿಸಿ ಕ್ಯಾಸೆಟ್ಟಿಗೆ ತುಂಬಿಕೊಂಡೆ. ಅದನ್ನೇ ಪೆಟ್ಟಿಗೆಯಿಂದ ಬಾರಿಸಿ ಅದೇ ಕ್ಯಾಸೆಟ್ಟಿಗೆ ತುಂಬಿದೆ. ಯಾವುದು ಮೊದಲೆಂದು ಹೇಳದೆ ಯಜಮಾನರು, ಪ್ಯಾಡ್ ಅಣ್ಣ ಇಬ್ಬರನ್ನೂ ಎದುರು ಕೂರಿಸಿಕೊಂಡೆ.

ಮೊದಲನೆಯದು ಮುಗಿಯಿತು. ಯಜಮಾನರು ಕಣ್ಣು ಮುಚ್ಚಿ ಕೇಳಿ, "ಇದು ಪೆಟ್ಟಿಗೆ. ಏನ್ ಕ್ಲೀನಾಗೈತೆ" ಎಂದರು. ಅದು ಪ್ಯಾಡ್ ಅಣ್ಣನದು.

ಎರಡನೆಯದು ಶುರುವಾಗುತ್ತಿದ್ದಂತೆ ಪ್ಯಾಡ್ ಅಣ್ಣನ ಬೆನ್ನು ನೆಟ್ಟಗಾಯಿತು. ತೊಡೆಯ ಮೇಲೆ ಬೆರಳು ಕುಣಿಯತೊಡಗಿತು.

"ಇದು ನಂದು" ಎಂದರು. "ಕೇಳಿ, ಆ ಎಡಗೈ ಏಟು ಕೇಳಿ. ಅದೆಲ್ಲಾ ಮಿಷಿನ್ನಿಗೆ ಬರಕಿಲ್ಲ ಸಾರ್. ಕರುಳಿಂದ ಬರ್ಬೇಕು."

"ಅಣ್ಣ, ಇದು ಪೆಟ್ಟಿಗೆ" ಎಂದೆ.

ಅವರು ಟೇಪ್ ರೆಕಾರ್ಡರನ್ನು ತಿರುಗಿಸಿ ಅದರ ಹಿಂಬದಿ ನೋಡಿದರು. ಯಜಮಾನರು ನಗುತ್ತಿದ್ದರು.

"ಅಂಗಾದ್ರೆ" ಎಂದರು ಪ್ಯಾಡ್ ಅಣ್ಣ, "ಯಾವಾಗ್ಲೋ ನಾನ್ ಬಾರ್ಸಿದ್ನ ಯಾರೋ ತುಂಬ್ಕೊಂಡೋಗಿ ಒಳಕ್ಕಾಕವ್ರೆ."

3. ನಕ್ಷತ್ರ

ಇಂಥ ಪೆಟ್ಟಿಗೆಯನ್ನು ರ‍್ಯಾಕಿನಲ್ಲಿ ತಿರುಪು ಹಾಕಿ ಕೂರಿಸಬೇಕು. ನಮ್ಮಲ್ಲಿ ಅದು ಪ್ಲಾಸ್ಟಿಕ್ ಕುರ್ಚಿಯ ಮೇಲಿತ್ತು. ಯಾರಾದರೂ ಕೂತುಬಿಡುತ್ತಾರೆಂದು ನನಗೆ ಆತಂಕವಿತ್ತು. ಒಬ್ಬರು ಕೂತೂ ಇದ್ದರು.

ಒಂದು ಸಂಜೆ ಪ್ಯಾಡ್ ಅಣ್ಣ ನನ್ನನ್ನು ಪಕ್ಕಕ್ಕೆ ಕರೆದರು. "ನೋಡಿ ಸಾರ್, ನೀವೇನ್ ಹೇಳ್ತೀರೋ ನಿಮಗ್ ಬುಟ್ಟಿದ್ದು. ನಾನ್ ಏನೂ ಕೇಳಕಿಲ್ಲ. ನಮ್ ಭಾವಮೈದ ಚನ್ನಪಟ್ಟಣದಲ್ಲಿ ಗೊಂಬೆ ಕೆಲ್ಸ ಮಾಡ್ತನೆ. ಒಂದ್ ಸ್ಟ್ಯಾಂಡ್ ಮಾಡಿಸ್ಕೊಡ್ತೀನಿ." ಯಜಮಾನರು ದುಡ್ಡಿನ ಮಾತು ಎತ್ತಿದಾಗ ಅವರು ಕೈ ಅಡ್ಡ ಮಾಡಿದರು. "ಬ್ಯಾಡಿ. ಸ್ಟ್ಯಾಂಡ್ ನಂದೇ ಆಗಿರ್ಲಿ. ನಿಮ್ ಪೆಟ್ಟಿಗೆ ಇರೋಗಂಟ ಮಡಿಕ್ಕಳಿ."

ಪೆಟ್ಟಿಗೆಯನ್ನೂ ವ್ಯಾನಿನಲ್ಲಿಟ್ಟುಕೊಂಡು ಚನ್ನಪಟ್ಟಣಕ್ಕೆ ಹೋದೆವು. ನಾನು ಅಳತೆ ಬರೆದುಕೊಟ್ಟು, ಚೌಕಟ್ಟಿನ ಚಿತ್ರವನ್ನೂ ಕೊಟ್ಟೆ. ಭಾವಮೈದ ಚಿತ್ರ ನೋಡಿ, "ನಮ್ ಮಿಷಿನ್ನಲ್ಲಿ ಚೌಕ ಬರಕಿಲ್ಲ, ದುಂಡುಗೆ ಬತ್ತದೆ" ಎಂದರು. ಕಡೆಯುವ ಯಂತ್ರದಲ್ಲಿ ಮರ ಗರಗರ ತಿರುಗುತ್ತಿರುವಾಗ ಅವರು ಬಣ್ಣದ ಅರಗಿನ ಕಡ್ಡಿ ಒತ್ತಿದರು. ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಂಡಿತು. ಚೆನ್ನಾಗಿದೆ ಎಂದೆ. ಕೊನೆಗೆ ಸಿದ್ಧವಾದದ್ದು ನಾಲ್ಕು ಕೆಂಪು ಕಾಲು, ಅಡ್ಡಕ್ಕೆ ಹಳದಿ ಗುಂಡು ಪಟ್ಟಿಗಳು, ಮೂಲೆಗಳಲ್ಲಿ ಹಸಿರು ಬುಗುರಿ. ಕೇಳದಿದ್ದರೂ ಗಾಲಿ ಹಾಕಿದ್ದರು.

ವಾಪಸ್ ಬರುವ ದಾರಿಯಲ್ಲಿ ಕೆಂಗಲ್. ಹೊಸ ಸಾಮಾನು, ಹಾಗೇ ಒಯ್ಯುವುದು ಬೇಡವೆಂದು ಯಜಮಾನರು ವ್ಯಾನ್ ನಿಲ್ಲಿಸಿದರು. ಸ್ಟ್ಯಾಂಡನ್ನು ಪೆಟ್ಟಿಗೆಸಮೇತ ಆಂಜನೇಯನ ಗುಡಿಯ ಮುಂದೆ ಇಳಿಸಿ, ಧೂಳಾಗದಂತೆ ಮೇಲೊಂದು ಟವೆಲ್ ಹೊದಿಸಿದರು. ಅರ್ಚಕರು ಬಂದು ಕಾಲು, ಗಾಲಿ, ಬುಗುರಿ, ಟವೆಲ್ ಎಲ್ಲವನ್ನೂ ನೋಡಿದರು. ಅವರ ಮುಖದಲ್ಲಿ ವಾತ್ಸಲ್ಯ ಕಾಣಿಸಿತು.

"ಮಗು ಮಲಗಿದೆಯಾ? ಎಬ್ಬಿಸಬೇಡಿ. ಹೆಸರು, ನಕ್ಷತ್ರ ಹೇಳಿ ಸಾಕು."

ಯಜಮಾನರು ನನ್ನ ಕಡೆ ನೋಡಿದರು. ನಾನು ಮಾಡೆಲ್ ನಂಬರ್ ಹೇಳಿದೆ. ಅರ್ಚಕರು ಮತ್ತೊಮ್ಮೆ ನಕ್ಷತ್ರ ಕೇಳಿದರು. ಯಜಮಾನರು ಕೈಮುಗಿದು ಹೇಳಿದರು:

"ಜಪಾನ್ನಲ್ಲಿ ಹುಟ್ಟಿದ್ದು ಸ್ವಾಮಿ. ಟೈಮ್ ಗೊತ್ತಿಲ್ಲ."

4. ಕಲ್ಯದ ಬೀಗರ ಊಟ

ಡ್ಯಾನ್ಸಿಗೆಂದು ತಂದ ಪೆಟ್ಟಿಗೆಯನ್ನು ಕುಣಿಯುವವರ ಮುಂದೆಯೇ ಪರೀಕ್ಷಿಸಬೇಕು. ಮಾಗಡಿ ತಾಲೂಕಿನ ಕಲ್ಯದಲ್ಲಿ ಒಂದು ಬೀಗರ ಊಟಕ್ಕೆ ನಮ್ಮ ಆರ್ಕೆಸ್ಟ್ರಾವನ್ನು ಗೊತ್ತುಮಾಡಿದ್ದರು. ನನ್ನ ವಿಧಾನ ಸರಳ. ಒಂದೊಂದೇ ತಾಳ ಹಾಕುವುದು, ಯಾವುದಕ್ಕೆ ಎಷ್ಟು ಜನ ಏಳುತ್ತಾರೆ ನೋಡುವುದು.

ಚಪ್ಪರದ ತುಂಬ ಜನ ಕೂತಿದ್ದರು. ಮೊದಲ ತಾಳ ಒತ್ತಿದೆ. ಇಡೀ ಚಪ್ಪರ ಒಟ್ಟಿಗೆ ಎದ್ದು ನಿಂತಿತು. ಮುದುಕರೂ ಎದ್ದರು. ಅಂಥ ಫಲಿತಾಂಶವನ್ನು ನಾನು ಕಾರ್ಖಾನೆಯಲ್ಲೂ ಕಂಡಿರಲಿಲ್ಲ. ಪ್ಯಾಡ್ ಅಣ್ಣನ ಕಡೆ ನೋಡಲು ನನಗೆ ಮನಸ್ಸಾಗಲಿಲ್ಲ.

ಎದ್ದವರೆಲ್ಲ ನಮಗೆ ಬೆನ್ನು ಹಾಕಿ ಹೊರಟರು. ನೋಡುತ್ತಿದ್ದಂತೆ ಚಪ್ಪರ ಖಾಲಿ. ಒಂದು ಕುರ್ಚಿ ಬಿದ್ದಿತ್ತು. ಹಿಂದುಳಿದ ಒಬ್ಬ ಹಿರಿಯರು ಪಂಚೆ ಎತ್ತಿಕಟ್ಟಿಕೊಳ್ಳುತ್ತಿದ್ದರು. ಎಲ್ಲಿಗೆ ಎಂದು ಕೇಳಿದೆ.

"ಊಟಕ್ಕೆ ಕಣಪ್ಪ. ಡ್ಯಾನ್ಸ್ ಶುರುವಾದ್ರೆ ಹುಡುಗ್ರೆಲ್ಲಾ ಸ್ಟೇಜ್ ತಾವ ಬಂದ್ಬುಡ್ತವೆ. ಮೊದಲ್ನೇ ಪಂಕ್ತೀಲಿ ಜಾಗ ಸಿಕ್ತದೆ."

ಎಲ್ಲರೂ ಅದನ್ನೇ ಯೋಚಿಸಿದ್ದರು, ಹುಡುಗರೂ ಸೇರಿ.

ಊಟವಾದ ಮೇಲೆ ಮತ್ತೆ ಪ್ರಯತ್ನಿಸಿದೆ. ಮುದ್ದೆ, ಮಟನ್ ಸಾರು, ಮೇಲೆ ಎಲೆ ಅಡಿಕೆ. ಬಂದವರು ಸಿಕ್ಕಸಿಕ್ಕ ಕಂಬಕ್ಕೆ ಒರಗಿದ್ದರು. ಪೆಟ್ಟಿಗೆಯಲ್ಲಿದ್ದ ಒಳ್ಳೆಯ ತಾಳಗಳನ್ನೆಲ್ಲ ಹಾಕಿದೆ. ಕೊನೆಗೆ ಪ್ಯಾಡ್ ಅಣ್ಣನೂ ಬಾರಿಸಿ ನೋಡಿದರು. ಯಾರೂ ಏಳಲಿಲ್ಲ. ಅದೇ ಹಿರಿಯರು ನಮ್ಮ ಮುಖ ನೋಡಿ ಸಮಾಧಾನ ಹೇಳಿದರು.

"ಇಬ್ರೂ ಚೆನ್ನಾಗಿ ಬಾರ್ಸಿದ್ರಿ. ಕುಣಿಯೋ ಆಸೆ ಒಳಗೇನೋ ಐತೆ. ಮೇಲೆ ಮುದ್ದೆ ಕೂತದೆ."

5. ಕೊನೆಯ ಫಲಿತಾಂಶ

ನಿರ್ಧಾರಕ್ಕೆ ಬಂದದ್ದು ಕನಕಪುರದ ಕಾರ್ಯಕ್ರಮದಲ್ಲಿ. ಮಧ್ಯಾಹ್ನದ ಬಿಸಿಲು, ತಗಡಿನ ಚಾವಣಿ. ಸ್ಟ್ಯಾಂಡಿನ ಕೆಳಗಿನ ಪಟ್ಟಿಗಳ ಮೇಲೆ ಆಂಪ್ಲಿಫೈಯರ್, ಮೇಲಿನ ಪಟ್ಟಿಗಳ ಮೇಲೆ ಪೆಟ್ಟಿಗೆ. ಚೆನ್ನಾಗಿ ಕಾಣಲೆಂದು ಯಜಮಾನರು ಸುತ್ತ ರೇಷ್ಮೆ ಬಟ್ಟೆ ಸುತ್ತಿದ್ದರು. ಹಾಡುಗಳ ಮಧ್ಯೆ ನಾನು ಪೆಟ್ಟಿಗೆಯ ಬಿಸಿ ಅಳೆಯುತ್ತಿದ್ದೆ. ಕೈ ಇಡುವಂತಿರಲಿಲ್ಲ, ಆದರೆ ಯಂತ್ರಕ್ಕೆ ಅಪಾಯವಿಲ್ಲದ ಮಟ್ಟ.

ಅಲ್ಲಿ ಒಂದು ದೋಷ ಸಿಕ್ಕಿತು. ಒಂದೇ ಸಲಕ್ಕೆ ಇಷ್ಟೇ ಸ್ವರ ಎಂಬ ಮಿತಿ ಪೆಟ್ಟಿಗೆಗಿತ್ತು. ಹಾಡು ರಂಗೇರಿ ನಾನು ಎರಡೂ ಕೈಯಲ್ಲಿ ಬಾರಿಸತೊಡಗಿದರೆ ಅದು ಡ್ರಮ್ಮಿನ ಏಟುಗಳನ್ನು ನುಂಗುತ್ತಿತ್ತು. ಕುಣಿಯುವವರು ಎತ್ತಿದ ಕಾಲು ಎಲ್ಲಿ ಇಡಬೇಕೆಂದು ತಿಳಿಯದೆ ನಿಲ್ಲುತ್ತಿದ್ದರು. ಡ್ಯಾನ್ಸಿಗೆ ಇದು ಆಗುವುದಿಲ್ಲ. ವಾಪಸ್ ಕೊಡಿ ಎಂದು ಯಜಮಾನರಿಗೆ ಹೇಳಿದೆ.

ಪ್ಯಾಡ್ ಅಣ್ಣ ಅಂದು ಎಲ್ಲರಿಗೂ ಕಾಫಿ ಕೊಡಿಸಿದರು.

ಆಯುಧಪೂಜೆ ಹತ್ತಿರ ಬಂತು. ಪೆಟ್ಟಿಗೆಯನ್ನು ರಟ್ಟಿಗೆ ಹಾಕಲು ಹೋದೆ. ಎತ್ತಿದರೆ ಸ್ಟ್ಯಾಂಡೂ ಜೊತೆಗೇ ಎದ್ದಿತು. ಯಜಮಾನರು ಹಿಡಿದರು, ನಾನು ಎಳೆದೆ. ಬರಲಿಲ್ಲ. ಬಗ್ಗಿ ನೋಡಿದೆ. ಕನಕಪುರದ ಬಿಸಿಗೆ ಹಳದಿ ಅರಗು ಕರಗಿ, ಪೆಟ್ಟಿಗೆಯ ತಳದ ಗಾಳಿಕಿಂಡಿಗಳೊಳಗೆ ಇಳಿದು, ತಣ್ಣಗಾಗಿ ಕಲ್ಲಾಗಿತ್ತು.

ಅರಗು ಬಿಸಿಗೆ ಕರಗುವುದನ್ನು ನಾನು ಚನ್ನಪಟ್ಟಣದಲ್ಲಿ ಕಣ್ಣಾರೆ ನೋಡಿದ್ದೆ. ಪೆಟ್ಟಿಗೆಯ ಬಿಸಿಯನ್ನು ಕೈಯಾರೆ ಅಳೆದಿದ್ದೆ. ಎರಡನ್ನೂ ಸೇರಿಸಿ ಯೋಚಿಸಲು ನನಗೆ ಯಾರೂ ಹೇಳಿರಲಿಲ್ಲ.

ಎಲ್ಲರಿಗಿಂತ ಜೋರಾಗಿ ಎಳೆದವರು ಪ್ಯಾಡ್ ಅಣ್ಣ. ಒಂದು ಕಾಲನ್ನು ಗೋಡೆಗೆ ಒತ್ತಿ ಎಳೆದರು. ಸ್ಟ್ಯಾಂಡಿಗೆ ಗಾಲಿಯಿದ್ದದ್ದರಿಂದ ಪೆಟ್ಟಿಗೆ ಬರುವ ಬದಲು ಎಲ್ಲವೂ ಒಟ್ಟಿಗೆ ಅವರ ಮೇಲೆ ಬಂತು. ಬಿದ್ದಲ್ಲಿಂದಲೇ ಭಾವಮೈದನಿಗೆ ಫೋನ್ ಮಾಡಿ ಎಂದರು. ಭಾವಮೈದ ಬಂದು, ಉಗುರಿನಿಂದ ಕೆರೆದು ನೋಡಿ, ಮೆಚ್ಚಿಕೊಂಡರು. "ಒಳ್ಳೇ ಅರಗು ಸಾರ್. ಹಿಡಿದ್ರೆ ಬುಡಕಿಲ್ಲ. ಬಿಡಿಸ್ಬೇಕು ಅಂದ್ರೆ ತಿರುಗಾ ಬಿಸಿ ಮಾಡ್ಬೇಕು. ಆಗ ಒಳಕ್ಕಿನ್ನೂ ಇಳೀತದೆ."

ಬೇರೆ ದಾರಿಯಿಲ್ಲದೆ ಸ್ಟ್ಯಾಂಡ್ ಸಮೇತ ಬೆಂಗಳೂರಿಗೆ ಒಯ್ದೆವು. ಅಂಗಡಿಯವರು ಸುತ್ತ ಒಂದು ಪ್ರದಕ್ಷಿಣೆ ಬಂದರು.

"ನಾನು ಕೊಟ್ಟಾಗ ಇದಕ್ಕೆ ಕಾಲಿರಲಿಲ್ಲ" ಎಂದರು.

"ಈಗ ಬಂದಿದೆ" ಎಂದರು ಯಜಮಾನರು.

"ಗಾಲಿನೂ ಬಂದಿದೆ. ಹಾಗೇ ತಳ್ಕೊಂಡು ಮನೆಗೆ ಹೋಗಿ."

ರಾಮನಗರಕ್ಕೆ ಮರಳಿ ಹಜಾರದಲ್ಲಿ ಸ್ಟ್ಯಾಂಡ್ ಇಳಿಸಿದ ಮೇಲೆ ಯಜಮಾನರು ನನಗೆ ಹೇಳಿದರು: "ಎಂಗೂ ಇಲ್ಲೇ ಉಳ್ಕತ್ತು. ನೀನು ಒಸಿ ಕಮ್ಮಿ ಬಾರ್ಸು, ಅದು ಡ್ರಮ್ ನುಂಗಕಿಲ್ಲ." ಆಮೇಲೆ ಪ್ಯಾಡ್ ಅಣ್ಣನ ಕಡೆ ತಿರುಗಿದರು. ಮುಖ ನೋಡದೆ, ಗೋಡೆಯ ಕ್ಯಾಲೆಂಡರ್ ನೋಡುತ್ತಾ ಹೇಳಿದರು.

"ಬೇಜಾರ್ ಮಾಡ್ಕಬ್ಯಾಡ ಕಣ್ಲಾ. ಎರಡೆರಡು ಮಡಿಕ್ಕಳಕ್ಕೆ ಆಗಕಿಲ್ಲ. ಮುಂದಿನ್ ತಿಂಗ್ಳಿಂದ ನೀನು ಬ್ಯಾರೆ ಕಡೆ ನೋಡ್ಕೊ."

ಪ್ಯಾಡ್ ಅಣ್ಣ ಪ್ಯಾಡನ್ನು ಚೀಲಕ್ಕೆ ಹಾಕಿದರು. ಕೋಲುಗಳನ್ನು ಹಾಕಿದರು. ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದರು. ಅಲ್ಲಿಂದ ತಿರುಗಿ ಬಂದು ಸ್ಟ್ಯಾಂಡಿನ ಎರಡು ಕೆಂಪು ಕಾಲು ಹಿಡಿದು, ಮೆಲ್ಲಗೆ ಬಾಗಿಲ ಕಡೆ ತಳ್ಳತೊಡಗಿದರು. ಗಾಲಿಗಳು ಚೆನ್ನಾಗಿ ಉರುಳುತ್ತಿದ್ದವು.

"ಲೇ, ಎಲ್ಲಿಗ್ಲಾ ಅದನ್ನ?" ಎಂದರು ಯಜಮಾನರು.

"ಸ್ಟ್ಯಾಂಡ್ ನಂದಲ್ವಾ ಯಜಮಾನ್ರೇ, ನಮ್ಮನೆಗೆ. ನಿಮ್ ಪೆಟ್ಟಿಗೆ ನೀವು ಬಿಡಿಸ್ಕಳಿ. ಬೇಕಾದ್ರೆ ಒಸಿ ನಿಂತ್ಕತೀನಿ."

ಗಾಲಿ ಹೊಸ್ತಿಲಿಗೆ ತಾಗಿ ನಿಂತಿತು. ಯಜಮಾನರು ಸ್ಟ್ಯಾಂಡ್ ನೋಡಿದರು, ಪೆಟ್ಟಿಗೆ ನೋಡಿದರು, ಬಗ್ಗಿ ತಳದ ಅರಗನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಪ್ಯಾಡ್ ಅಣ್ಣನ ಹೆಗಲಿಂದ ಚೀಲವನ್ನು ತಾವೇ ಇಳಿಸಿದರು.

"ಏನಪ್ಪ ಸೈನ್ಸು" ಎಂದು ನನ್ನನ್ನು ಕೇಳಿದರು, "ಇಷ್ಟು ದಿನ ಟೆಸ್ಟ್ ಮಾಡಿದ್ಯಲ್ಲ. ಕೊನೆಗೂ ಪಾಸಾಗಿದ್ದು ಯಾವ್ದು?"

"ಸ್ಟ್ಯಾಂಡ್" ಎಂದೆ.